ಬಸ್ರಾದ ಗರುಡ

ಫೈರ್ ಎಂಜಿನ್ನಿನವರ ಮುಂದೆ ಸುಳ್ಳು ಹೇಳುವುದು ಸುಲಭ. ಹೇಳಿದ್ದನ್ನು ಅವರ ಕಣ್ಣೆದುರಿಗೇ ಮಾಡಿ ತೋರಿಸಬೇಕಾಗಿ ಬಂದಾಗಲೇ ಫಜೀತಿ. ಸುಳ್ಳು ಹೇಳಿದವಳು ನಾನು, ಸತ್ಯವತಿ. ಹೆಸರು ನೋಡಿ ನಗಬೇಡಿ. ಮಾಡಿ ತೋರಿಸಿದವನು ನನ್ನ ತಮ್ಮ ಶ್ರೀಕಂಠ. ನನಗೆ ಇವತ್ತಿಗೂ ಅದರ ಬಗ್ಗೆ ಒಂದು ಚೂರು ಪಶ್ಚಾತ್ತಾಪವಿಲ್ಲ.

ಶ್ರೀಕಂಠ ಲಿವರ್‌ಮೋರಿನ ಸರ್ಕಾರಿ ಅಣ್ವಸ್ತ್ರ ಲ್ಯಾಬಿನಲ್ಲಿ ಎಂಜಿನಿಯರು, ಮನೆ ವಾಲ್ನಟ್ ಕ್ರೀಕಿನಲ್ಲಿ. ಅಳತೆಗೆ ಸಿಗದ ವಸ್ತು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎನ್ನುವುದು ಅವನ ಸಿದ್ಧಾಂತ. ಮೈಸೂರು ಬಿಟ್ಟ ವರ್ಷವೇ ಜನಿವಾರ ತೆಗೆದಿಟ್ಟ. ಮನೆ ಕೊಂಡಾಗ ದೇವರಿಗೆ ಅಂತ ಜಲಜಾ ನೋಡಿಟ್ಟ ಮೂಲೆಯಲ್ಲಿ ಸ್ಟೀರಿಯೋ ತಂದಿಟ್ಟ. ಜಲಜಾ ಅವನ ಹೆಂಡತಿ. ಮಾತು ಕಡಿಮೆ, ಹಠ ಜಾಸ್ತಿ. ಗಂಡನ ಅಕ್ಕ ಎಂದರೆ ಹೆಂಡತಿಯ ಎದುರು ಪಕ್ಷ ಎನ್ನುವುದು ನಮ್ಮಲ್ಲಿ ರೂಢಿ. ಆ ರೂಢಿಯನ್ನು ನಾನು ಯಾವತ್ತೋ ಮುರಿದೆ. ಶ್ರೀಕಂಠನನ್ನು ಚಿಕ್ಕಂದಿನಿಂದ ಸಹಿಸಿಕೊಂಡವಳಿಗೆ ಜಲಜಾಳ ಕಷ್ಟ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಅವರ ಮಗ ಓದಲು ಡೇವಿಸ್ ಎಂಬ ಊರಿನ ಕಾಲೇಜಿಗೆ ಹೋದ ಮೇಲೆ ಜಲಜಾ ಊರಿನ ಆರ್ಟ್ ಸೆಂಟರಿನಲ್ಲಿ ಸಂಜೆಯ ಮಡಕೆ ಕ್ಲಾಸಿಗೆ ಸೇರಿದಳು. ಅಲ್ಲಿಯ ಟೀಚರಮ್ಮ ಒಂದು ದಿನ ಸ್ಲೈಡು ತೋರಿಸಿದರಂತೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಬಾಗ್ದಾದಿನ ಖಲೀಫರ ಕಾಲದಲ್ಲಿ, ಬಸ್ರಾ ಕಡೆಯ ಕುಂಬಾರರು ಮಾಡಿದ ಬಟ್ಟಲುಗಳು. ಬಿಳಿಯ ಮೈ, ಅದರ ಮೇಲೆ ಬಂಗಾರದ ಚಿತ್ರ. ಆದರೆ ಅದರಲ್ಲಿ ಬಂಗಾರವೇ ಇಲ್ಲ, ಅದೇ ಅದರ ತಮಾಷೆ. ಬೆಳ್ಳಿ, ತಾಮ್ರದ ಪುಡಿಯನ್ನು ಕೆಮ್ಮಣ್ಣಿನ ಜೊತೆ ವಿನಿಗರಿನಲ್ಲಿ ಕಲಸಿ, ಆಗಲೇ ಸುಟ್ಟು ಮೆರುಗು ಬಂದಿರುವ ಬಟ್ಟಲಿನ ಮೇಲೆ ಚಿತ್ರ ಬರೆಯುತ್ತಾರೆ. ಮತ್ತೆ ಮಡಕೆ ಸುಡುವ ಗೂಡಿನಲ್ಲಿಟ್ಟು ಮೆಲ್ಲಗೆ ಕಾಯಿಸಿ, ಸರಿಯಾದ ಗಳಿಗೆಯಲ್ಲಿ ಗಾಳಿ ಮುಚ್ಚಿ, ಒಳಗೆಲ್ಲ ಹೊಗೆ ತುಂಬಿಸುತ್ತಾರೆ. ಗಾಳಿಗಾಗಿ ಚಡಪಡಿಸುವ ಬೆಂಕಿ, ಬಣ್ಣದೊಳಗಿನ ಗಾಳಿಯನ್ನೂ ಹೀರಿಕೊಂಡು, ಬೆಳ್ಳಿಯನ್ನೂ ತಾಮ್ರವನ್ನೂ ಬಟ್ಟಲಿನ ಮೈಗೆ ಅಂಟಿಸಿಬಿಡುತ್ತದೆ. ಆರಿದ ಮೇಲೆ ಮೇಲಿನ ಮಣ್ಣು ಒರೆಸಿದರೆ ಕೆಳಗೆ ಹೊನ್ನು. ಹೊಗೆ ಕಡಿಮೆಯಾದರೆ ಏನೂ ಬರುವುದಿಲ್ಲ, ಹೆಚ್ಚಾದರೆ ಮಸಿ. ಚಿನ್ನದ ತಟ್ಟೆಯಲ್ಲಿ ಉಣ್ಣುವುದು ಅವರ ಧರ್ಮಕ್ಕೆ ಒಪ್ಪದ ಮಾತಾದ್ದರಿಂದ ಈ ಉಪಾಯ ಹುಟ್ಟಿತು ಎಂದು ಕೆಲವರು ಹೇಳುತ್ತಾರಂತೆ. ನಿಜವೋ ಸುಳ್ಳೋ ಗೊತ್ತಿಲ್ಲ, ನನಗಂತೂ ಆ ಕುಂಬಾರರು ಬಹಳ ಹಿಡಿಸಿದರು. ನಿಯಮವನ್ನೂ ಮುರಿಯಲಿಲ್ಲ, ಆಸೆಯನ್ನೂ ಬಿಡಲಿಲ್ಲ.

ಆ ಸ್ಲೈಡುಗಳಲ್ಲಿದ್ದ ಒಂದು ಹಕ್ಕಿ ಜಲಜಾಳನ್ನು ಹಿಡಿದುಕೊಂಡುಬಿಟ್ಟಿತು. ಕೊಕ್ಕಿನಲ್ಲಿ ಎಲೆ ಕಚ್ಚಿಕೊಂಡು, ಎದೆಯುಬ್ಬಿಸಿ, ಬಟ್ಟಲು ತುಂಬ ನಿಂತಿರುವ ಹಕ್ಕಿ. ಅದನ್ನು ಫೋನಿನ ಪಕ್ಕದ ಪ್ಯಾಡಿನ ಮೇಲೆ, ಗ್ರೋಸರಿ ಚೀಲದ ಮೇಲೆ, ಕರೆಂಟು ಬಿಲ್ಲಿನ ಹಿಂದೆ, ಜಾಗ ಕಂಡಲ್ಲೆಲ್ಲ ಬರೆದಳು. ಶ್ರೀಕಂಠ ಅದಕ್ಕೆ ‘ಜಲಜಾನ ಕೋಳಿ’ ಎಂದು ನಾಮಕರಣ ಮಾಡಿದ.

ಹಿತ್ತಿಲಲ್ಲಿ ಅವಳೇ ನಿಂತು ಇಟ್ಟಿಗೆಯ ಪುಟ್ಟ ಗೂಡು ಕಟ್ಟಿದಳು. ಕೆಳಗೆ ಗ್ಯಾಸಿನ ಉರಿ, ಪಕ್ಕದಲ್ಲಿ ಸೌದೆ ಚೂರು ತೂರಿಸಲು ಒಂದು ಕಿಂಡಿ, ಮೇಲೆ ಹೊಗೆ ಹೋಗಲು ಒಂದು ಕಂಡಿ. ಎಷ್ಟೋ ಸಲ ಸುಟ್ಟಳು. ಕೋಳಿ ಒಮ್ಮೆ ಕಪ್ಪಾಗಿ ಬಂತು, ಒಮ್ಮೆ ಬರಲೇ ಇಲ್ಲ. ಶ್ರೀಕಂಠ ತಾನಾಗಿ ಒಂದು ಸಲವೂ ಹಿತ್ತಿಲಿಗೆ ಹೋಗಿ ನೋಡಿದವನಲ್ಲ. ಅಡುಗೆಮನೆಯ ಕಿಟಕಿಯಿಂದಲೇ, “ಏನು, ಇವತ್ತು ಬೆಂದಿದ್ದಾ, ಸುಟ್ಟಿದ್ದಾ?” ಎಂದು ಕೇಳಿ ಪೇಪರ್ ಓದಲು ಹೋಗುತ್ತಿದ್ದ.

ಇದು ಸಾವಿರದ ಒಂಬೈನೂರ ಎಂಬತ್ತಾರರ ಮಾತು. ಆಗ ಅಲ್ಲಿಯ ನಮ್ಮ ಹೆಂಗಸರಿಗೆಲ್ಲ ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಕ್ಲಾಸಿನ ಜ್ವರ, ಗಂಡಸರಿಗೆಲ್ಲ ಹಾಟ್ ಟಬ್ಬಿನ ಜ್ವರ. ಹಿತ್ತಿಲಲ್ಲಿ ಬಿಸಿನೀರಿನ ತೊಟ್ಟಿ ಇಡಿಸಿ, ಸಂಜೆ ಹೊತ್ತು ಅದರಲ್ಲಿ ಕತ್ತಿನವರೆಗೆ ಮುಳುಗಿ ಕೂತರೆ ಬದುಕು ಸಾರ್ಥಕ ಎಂದು ಲ್ಯಾಬಿನವರು ಯಾರೋ ಶ್ರೀಕಂಠನ ಕಿವಿ ಊದಿದ್ದರು. ಟಬ್ಬಿಗೆ ಯೋಗ್ಯವಾದ ಜಾಗ ಗೂಡಿದ್ದ ಜಾಗವೇ. ಕೊನೆಗೆ ಗಂಡಹೆಂಡಿರ ನಡುವೆ ಒಂದು ಒಪ್ಪಂದವಾಯಿತು. ಸೆಪ್ಟೆಂಬರಿನಲ್ಲಿ ಜಲಜಾ ಕೊನೆಯ ಸಲ ಸುಡುವುದು. ಒಂದೇ ಒಂದು ಬಟ್ಟಲಲ್ಲಾದರೂ ಚಿನ್ನ ಬಂದರೆ ಗೂಡು ಉಳಿಯುತ್ತದೆ. ಬರದಿದ್ದರೆ ಗೂಡು ಕಿತ್ತು ಟಬ್ಬು, ಜಲಜಾ ಕೋಬಾಲಿಗೆ.

ಫೋನಿನಲ್ಲಿ ಜಲಜಾಳ ದನಿ ಸಣ್ಣಗಿತ್ತು. “ಅತ್ತಿಗೆ, ಶನಿವಾರ ಬರ್ತೀರಾ? ಹೊಗೆ ಹಾಕೋ ಹೊತ್ತಲ್ಲಿ ಒಬ್ಬಳ ಕೈಲಿ ಆಗಲ್ಲ.”

“ಬರ್ತೀನಿ. ಅವನು ಏನಂತಾನೆ?”

“ಟಬ್ಬಿನ ಅಂಗಡಿಗೆ ಹೋಗಿ ಕಲರು ನೋಡ್ಕೊಂಡು ಬರ್ತೀನಿ ಅಂತಿದಾರೆ.”

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನಮ್ಮ ಮನೆತನಕ್ಕೇ ಇರುವ ಚಾಳಿ. ನನಗೆ ಎಲ್ಲಿಲ್ಲದ ಕೋಪ ಬಂತು. ನನ್ನ ಮನೆಯಿರುವ ಲಾಸ್ ಆಲ್ಟೋಸಿನಿಂದ ಸೇತುವೆ ದಾಟಿ ವಾಲ್ನಟ್ ಕ್ರೀಕ್ ಮುಟ್ಟುವವರೆಗೂ ಕಾರಿನಲ್ಲಿ ಒಬ್ಬಳೇ ತಮ್ಮನನ್ನು ಬೈದುಕೊಂಡು ಬಂದೆ.

ಮಧ್ಯಾಹ್ನದ ಹೊತ್ತಿಗೆ ಗೂಡು ಹದಕ್ಕೆ ಕಾದಿತ್ತು. ಜಲಜಾ ಮೇಲಿನ ಕಂಡಿ ಅರೆ ಮುಚ್ಚಿ, ಪಕ್ಕದ ಕಿಂಡಿಯಿಂದ ಸೌದೆ ಚೂರುಗಳನ್ನು ತೂರಿಸತೊಡಗಿದಳು. ದಟ್ಟ ಹೊಗೆ ಎದ್ದು ಬೇಲಿಯ ಮೇಲೆ ಹಾದು ಹಿಂದಿನ ಮನೆಯತ್ತ ಹೋಯಿತು. ಮಳೆ ಕಾಣದೆ ಸುತ್ತಲಿನ ಗುಡ್ಡದ ಹುಲ್ಲೆಲ್ಲ ಒಣಗಿ ನಿಂತಿದ್ದ ತಿಂಗಳು ಅದು. ಹಿಂದಿನ ಮನೆಯ ಮುದುಕ ತಡಮಾಡದೆ ಫೋನು ತಿರುಗಿಸಿರಬೇಕು. ನಾನು ಎರಡನೇ ಲೋಟ ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ಕೆಂಪು ಎಂಜಿನ್ನು ಬಂದು ಮನೆ ಮುಂದೆ ನಿಂತಿತು. ದೊಡ್ಡ ಮೀಸೆಯ ಕ್ಯಾಪ್ಟನ್ನು, ಅವನ ಹಿಂದೆ ನೀರಿನ ಪೈಪು ಹೊತ್ತ ಹುಡುಗರು ನೇರ ಹಿತ್ತಿಲಿಗೇ ನುಗ್ಗಿದರು.

ಬೆಂಕಿ ತಕ್ಷಣ ಆರಿಸಬೇಕು ಅಂದ ಕ್ಯಾಪ್ಟನ್ನು. ಒರಟಾಗಿ ಏನಲ್ಲ, ವಿನಯವಾಗಿಯೇ.

ಜಲಜಾಳ ಮುಖ ಬಿಳಿಚಿಕೊಂಡಿತು. ಹೊಗೆ ಶುರುವಾಗಿ ಇನ್ನೂ ಸ್ವಲ್ಪ ಹೊತ್ತು. ಈಗ ಆರಿಸಿದರೆ ಒಳಗಿರುವುದೆಲ್ಲ ಮತ್ತೆ ಬರೀ ಬಿಳಿ ಬಟ್ಟಲು. ಆದರೂ ಅವಳು ಕೈಯಲ್ಲಿದ್ದ ಸೌದೆ ಚೂರುಗಳನ್ನು ಕೆಳಗಿಡಲಿಲ್ಲ. ಅದನ್ನು ನೋಡಿ ನನ್ನ ಬಾಯಿ ತಾನೇ ತೆರೆದುಕೊಂಡಿತು.

“ಕ್ಯಾಪ್ಟನ್, ಇದು ನಮ್ಮ ಧಾರ್ಮಿಕ ವಿಧಿ. ಹೋಮ ಅಂತ. ಮಧ್ಯದಲ್ಲಿ ಆರಿಸಿದರೆ ಮನೆ ಯಜಮಾನನಿಗೆ ಕೇಡು,” ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದೆ.

ಅವನು ಹೆಲ್ಮೆಟ್ಟು ತೆಗೆದ. ಲಿವರ್‌ಮೋರಿನ ಹೊಸ ದೇವಸ್ಥಾನ ನೋಡಲು ಅವನ ಹೆಂಡತಿ ಹೋಗಿದ್ದಳಂತೆ, ಊಟ ಬಹಳ ಚೆನ್ನಾಗಿತ್ತಂತೆ. ಸರಿ, ಎಷ್ಟು ಹೊತ್ತು ಬೇಕು ಎಂದು ಕೇಳಿದ. ಒಂದು ಗಂಟೆ ಅಂದೆ. ಹಾಗಾದರೆ ಮುಗಿಯುವವರೆಗೆ ನಾವು ಪೈಪು ಹಿಡಿದು ಇಲ್ಲೇ ನಿಂತಿರುತ್ತೇವೆ, ನಮ್ಮ ಕಣ್ಣೆದುರಿಗೇ ನಡೆಯಲಿ ಅಂದ. ಆಮೇಲೆ ಸುತ್ತ ನೋಡಿ, “ಪೂಜಾರಿಗಳು ಎಲ್ಲಿ?” ಅಂದ.

ಅದೇ ಗಳಿಗೆಗೆ ಶ್ರೀಕಂಠನ ಕಾರು ಡ್ರೈವ್‌ವೇಗೆ ಬಂದು ನಿಂತಿತು.

“ಅಗೋ, ಬಂದರು,” ಅಂದೆ.

ಒಳಗೆ ಎಳೆದುಕೊಂಡು ಹೋಗಿ ವಿಷಯ ಹೇಳಿದಾಗ ಶ್ರೀಕಂಠ ಕೈಯಲ್ಲಿದ್ದ ಟಬ್ಬಿನ ಬಣ್ಣದ ಚಿತ್ರಗಳನ್ನು ಕೆಳಗೆ ಬೀಳಿಸಿದ.

“ಅಕ್ಕಾ, ನಿನಗೆ ತಲೆ ಕೆಟ್ಟಿದೆಯಾ? ನಾನು ಇದನ್ನೆಲ್ಲ ನಂಬಲ್ಲ ಅಂತ ಇಡೀ ಬೇ ಏರಿಯಾಕ್ಕೆ ಗೊತ್ತು.”

“ನಂಬು ಅಂತ ಯಾರು ಹೇಳಿದರು? ಕೂತ್ಕೋ, ಸಾಕು. ಇಲ್ಲ ಅಂದರೆ ಪರ್ಮಿಟ್ ಇಲ್ಲದೆ ಬೆಂಕಿ ಹಾಕಿದ್ದಕ್ಕೆ ಯಜಮಾನನ ಹೆಸರು ಬರ್ಕೊಂಡು ಹೋಗ್ತಾರೆ. ನಿನ್ನ ಸೆಕ್ಯುರಿಟಿ ಕ್ಲಿಯರೆನ್ಸು ನೋಡ್ಕೋ.”

ಆ ಸರ್ಕಾರಿ ಪರವಾನಗಿ ಹೋದರೆ ಕೆಲಸವೂ ಹೋಯಿತು, ಲ್ಯಾಬಿನವರಿಗೆ ಆ ಮಾತು ಯಮಪಾಶವಿದ್ದ ಹಾಗೆ. ಅವನು ಷರ್ಟು ಬಿಚ್ಚಿದ. ಮನೆಯಲ್ಲಿ ಪಂಚೆ ಇರಲಿಲ್ಲ, ಬಿಳಿ ಬೆಡ್‌ಷೀಟು ಉಡಿಸಿದೆ. ಜನಿವಾರಕ್ಕೆ ಅಡುಗೆಮನೆಯ ಡ್ರಾಯರಿನಿಂದ ಹುರಿದಾರ ಕತ್ತರಿಸಿ ಹಾಕಿದೆ. ಹಣೆಗೆ ಹಚ್ಚಲು ವಿಭೂತಿ ಇರಲಿಲ್ಲ, ಟಾಲ್ಕಂ ಪೌಡರು ಬಳಿದೆ.

“ಮಂತ್ರ?” ಅಂದ ಅಳು ದನಿಯಲ್ಲಿ.

“ಗಾಯತ್ರಿ ಹೇಳು.”

“ಮರೆತು ಇಪ್ಪತ್ತು ವರ್ಷ ಆಯ್ತು.”

“ಹೈಸ್ಕೂಲಲ್ಲಿ ಸಂಸ್ಕೃತಕ್ಕೆ ಪ್ರೈಜು ತಗೊಂಡಿದ್ಯಲ್ಲ, ಏನು ನೆನಪಿದೆ?”

ಅವನು ಬಹಳ ಯೋಚಿಸಿದ. “ರಾಮ ಶಬ್ದ.”

“ಸಾಕು, ಬಾ.”

ಹೀಗೆ ನನ್ನ ತಮ್ಮ ಗೂಡಿನ ಮುಂದೆ ಪದ್ಮಾಸನ ಹಾಕಿ ಕೂತು, ಶಾಲೆಯ ಮೇಷ್ಟರು ಬಾಯಿಪಾಠ ಮಾಡಿಸಿದ ವ್ಯಾಕರಣದ ವಿಭಕ್ತಿಗಳನ್ನು ಅದೇ ರಾಗದಲ್ಲಿ ಶುರು ಹಚ್ಚಿದ. “ರಾಮಃ ರಾಮೌ ರಾಮಾಃ, ಸ್ವಾಹಾ!” ಪ್ರತಿ ಸ್ವಾಹಾಕ್ಕೂ ಜಲಜಾ ಕಿಂಡಿಗೆ ಒಂದು ಹಿಡಿ ಸೌದೆ ಚೂರು ಹಾಕುತ್ತಿದ್ದಳು. ಹೊಗೆ ಸಾಲದಾದಾಗ ಅವಳು ಕಣ್ಣು ಸನ್ನೆ ಮಾಡಿದರೆ ಅವನು ಬೇಗ ಹೇಳಬೇಕು, ಹೆಚ್ಚಾದಾಗ ಎಳೆಯಬೇಕು. “ಹೇ ರಾಮ, ಹೇ ರಾಮೌ, ಹೇ ರಾಮಾಃ” ಎನ್ನುವಾಗ ಅವನ ದನಿಯಲ್ಲಿ ನಿಜವಾದ ಆರ್ತತೆಯಿತ್ತು. ಪೈಪಿನ ಹುಡುಗರು ಒಬ್ಬೊಬ್ಬರಾಗಿ ಹೆಲ್ಮೆಟ್ಟು ತೆಗೆದು ಎದೆಗೆ ಒತ್ತಿಕೊಂಡರು. ನಾನು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅವರಿಗೆ ಅದು ಭಕ್ತಿಯ ಹಾಗೆ ಕಂಡಿರಬೇಕು.

ಅಷ್ಟರಲ್ಲಿ ಪಕ್ಕದ ಗೇಟು ತಳ್ಳಿಕೊಂಡು ಜವರಮ್ಮ ಬಂದರು.

ಜವರಮ್ಮ ಎದುರು ಮನೆಯ ಜಯರಾಮನ ತಾಯಿ. ಜಯರಾಮನೂ ಶ್ರೀಕಂಠನ ಲ್ಯಾಬಿನವನೇ, ಮಂಡ್ಯದ ಕಡೆಯವನು, ವಸಂತದಲ್ಲಿ ಆ ಮನೆ ಕೊಂಡು ಬಂದವನು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದರೆ ಮುದುಕಿ ಇಡೀ ದಿನ ಒಬ್ಬರೇ; ಆ ಶನಿವಾರವೂ ಅವರಿಬ್ಬರು ಅಂಗಡಿಗೆಂದು ಹೊರಗೆ ಹೋಗಿದ್ದರು. ಫೈರ್ ಎಂಜಿನ್ನು ಕಂಡು ಗಾಬರಿಯಿಂದ ಓಡಿ ಬಂದವರು, ಬೆಂಕಿ, ಹೊಗೆ, ಬರಿಮೈಯಲ್ಲಿ ಕೂತ ಶ್ರೀಕಂಠ, ಸ್ವಾಹಾ ಎಲ್ಲವನ್ನೂ ನೋಡಿ ನಿಂತಲ್ಲೇ ಕೈಜೋಡಿಸಿದರು. ಅವರ ಕಣ್ಣಿಂದ ನೀರು ಬಳಬಳ ಸುರಿಯಿತು.

“ಏನವ್ವಾ ಜಲಜವ್ವಾ, ಓಮ ಮಾಡ್ಸೋವಾಗ ನಂಗೊಂದ್ ಮಾತ್ ಯೋಳ್ಬಾರ್ದಾಗಿತ್ತಾ?” ಎಂದು ಜಲಜಾಳ ಕೈ ಹಿಡಿದುಕೊಂಡರು. “ನಾವು ಆ ಮನೆಗೆ ಬಂದಾಗ ಒಂದ್ ಓಮ ಇಲ್ಲ, ಏನಿಲ್ಲ. ಕರೆಂಟ್ ಒಲೆ ಮ್ಯಾಲೆ ಹಾಲುಕ್ಕಿಸುದ್ರು, ಅದೂ ಒಂದ್ ಉಕ್ಕಾ? ಹಗಲೊತ್ತು ಒಬ್ಳೇ ಕುಂತ್ರೆ ಎದೆ ಡವಡವ ಅಂತದೆ. ಕಣ್ಣು ಮುಚ್ಚಾಕ್ ಆಗಕಿಲ್ಲ ಕಣವ್ವ. ಉರಿ ಕಾಣ್ದೇ ಎಷ್ಟು ದಿನ ಆಗಿತ್ತು!”

ಅಲ್ಲಿಯವರೆಗೆ ನನ್ನ ಸುಳ್ಳು ನನಗೆ ಹೂವಿನಷ್ಟು ಹಗುರವಾಗಿ ಕಂಡಿತ್ತು. ಆ ಮುದುಕಿಯ ಮುಖ ನೋಡಿದಾಗ ಅದು ಸ್ವಲ್ಪ ಭಾರವಾಯಿತು. ಆದರೆ ಹೇಳುವುದೇನು? ಮೀಸೆಯ ಕ್ಯಾಪ್ಟನ್ನು ಪಕ್ಕದಲ್ಲೇ ನಿಂತಿದ್ದ.

“ಇರಿ, ನಮ್ಮನೇದೂ ಒಂದೀಟು ಆಗ್ಲಿ,” ಎಂದು ಜವರಮ್ಮ ಓಡಿದರು. ಬರುವಾಗ ಅವರ ಕೈಯಲ್ಲಿ ತುಪ್ಪದ ದೊಡ್ಡ ಜಾಡಿ. ಜಲಜಾ ಅದನ್ನು ನೋಡಿ, “ಅವ್ವಾ, ಬೇಡಿ, ಒಂದು ಚಮಚ ಸಾಕು,” ಎನ್ನುವುದಕ್ಕೂ ಮುದುಕಿ ಮಣಮಣ ಮನೆದೇವರ ಹೆಸರು ಹೇಳಿ ಇಡೀ ಜಾಡಿಯನ್ನು ಕಿಂಡಿಗೆ ಬಗ್ಗಿಸುವುದಕ್ಕೂ ಸರಿಹೋಯಿತು. ಹೋಮಕ್ಕೆ ಬಂದ ತುಪ್ಪವನ್ನು ಬೇಡ ಎನ್ನಲು ಯಾವ ಬಾಯಿಗೆ ಧೈರ್ಯವಿದೆ?

ಗೂಡು ಒಂದು ಸಲ ಗುಮ್ಮೆಂದಿತು. ಮೇಲಿನ ಕಂಡಿಯಿಂದ ಆಳೆತ್ತರದ ಜ್ವಾಲೆ ಎದ್ದಿತು. ಕ್ಯಾಪ್ಟನ್ನು ಪೈಪಿಗೆ ಕೈ ಹಾಕಿದ. ಶ್ರೀಕಂಠ ಕಣ್ಣು ಗಟ್ಟಿಯಾಗಿ ಮುಚ್ಚಿ, “ರಾಮೇಭ್ಯಃ! ರಾಮೇಭ್ಯಃ! ರಾಮೇಭ್ಯಃ!” ಎಂದು ಕಿರುಚಿದ. ಜ್ವಾಲೆ ಬಂದಷ್ಟೇ ಬೇಗ ಇಳಿಯಿತು. ಅದರ ಹಿಂದೆ ಕಪ್ಪನೆಯ ಹೊಗೆ ಬುಸುಬುಸು ಹೊರಬಂತು. ಕ್ಯಾಪ್ಟನ್ನು ನನ್ನ ಕಡೆ ತಿರುಗಿ, ಇದು ವಿಧಿಯಲ್ಲಿ ಇರುವುದೇ ಎಂದು ಕೇಳಿದ. “ಇದೇ ಮುಖ್ಯ,” ಅಂದೆ.

ಎಲ್ಲ ಮುಗಿದು, ಕಿಂಡಿ ಕಂಡಿಗಳನ್ನೆಲ್ಲ ಮುಚ್ಚಿ, ಫೈರ್ ಎಂಜಿನ್ನಿನವರಿಗೆ ಡಬ್ಬಿಯಲ್ಲಿದ್ದ ರವೆ ಉಂಡೆಯನ್ನೇ ಪ್ರಸಾದವೆಂದು ಕೊಟ್ಟು ಕಳಿಸಿದೆವು. ಇನ್ನು ಮೇಲೆ ಮೊದಲೇ ತಿಳಿಸಿ ಎಂದು ಹೇಳಿ ಹೋದರು. ಶ್ರೀಕಂಠ ಬಚ್ಚಲಿಗೆ ಹೋಗಿ ಒಂದು ಗಂಟೆ ಶವರಿನಡಿ ನಿಂತ. ಜಲಜಾ ಮೆಟ್ಟಿಲ ಮೇಲೆ ಕೂತು ಗೂಡನ್ನೇ ನೋಡುತ್ತಿದ್ದಳು.

“ತುಪ್ಪ ಜಾಸ್ತಿ ಆಯ್ತು ಅತ್ತಿಗೆ. ಒಳಗಿರೋದೆಲ್ಲ ಮಸಿ ಹಿಡಿದಿರತ್ತೆ,” ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಗೂಡು ಬಿಚ್ಚುವ ಹೊತ್ತಿಗೆ ಶ್ರೀಕಂಠ ಇನ್ನೂ ಮುಸುಕು ಹಾಕಿ ಮಲಗಿದ್ದ. ಆದರೆ ಜವರಮ್ಮ ಸ್ನಾನ ಮಾಡಿ, ಒದ್ದೆ ತಲೆಗೆ ಟವೆಲು ಸುತ್ತಿ, ಕೈಯಲ್ಲಿ ಪುಟ್ಟ ಸ್ಟೀಲು ಬಟ್ಟಲು ಹಿಡಿದು ಆಗಲೇ ಗೇಟಿನ ಹತ್ತಿರ ನಿಂತಿದ್ದರು. ಹೋಮವಾದ ಮೇಲೆ ಅದರ ಬೂದಿಯನ್ನು ಮನೆಗೆ ಒಯ್ಯಬೇಕಲ್ಲ, ಅದಕ್ಕೆ.

ಜಲಜಾ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಳು. ಮೊದಲ ಬಟ್ಟಲು ಒರೆಸಿದಳು, ಮಸಿ. ಎರಡನೆಯದೂ ಮಸಿ. ಆಮೇಲಿನದರಲ್ಲಿ ಕೋಳಿ ಬಂದಿತ್ತು, ಕಂದು ಬಣ್ಣಕ್ಕೆ, ಹೊಳಪಿಲ್ಲದೆ. ಅವಳು ಒರೆಸುತ್ತ, ಪಕ್ಕಕ್ಕಿಡುತ್ತ ಹೋದಳು. ಕೊನೆಗೆ ಕಿಂಡಿಯ ಪಕ್ಕದಲ್ಲೇ ಇದ್ದ ಬಟ್ಟಲೊಂದು ಉಳಿಯಿತು. ತುಪ್ಪ ಬಿದ್ದದ್ದು ಅಲ್ಲೇ. ಅದರ ಮೇಲಿದ್ದ ಕೆಂಪು ಮಣ್ಣು ಸುಟ್ಟು ಹಪ್ಪಳವಾಗಿತ್ತು. ಒದ್ದೆ ಬಟ್ಟೆಯಿಂದ ಒಂದು ಸಲ ಉಜ್ಜಿದಳು.

ಉಜ್ಜಿದ ಕಡೆ ಬೆಳಕು ಬಂತು.

ಅವಳ ಕೈ ನಿಂತುಹೋಯಿತು. ಮತ್ತೆ ಉಜ್ಜಿದಳು. ಕೊಕ್ಕು ಬಂತು, ಎಲೆ ಬಂತು, ಉಬ್ಬಿದ ಎದೆ ಬಂತು. ಬಿಳಿಯ ಮೈ ಮೇಲೆ ಅಪ್ಪಟ ಹೊನ್ನಿನ ಹಕ್ಕಿ. ಬಟ್ಟಲನ್ನು ಈ ಕಡೆ ತಿರುಗಿಸಿದರೆ ಕೆಂಪು ಚಿನ್ನ, ಆ ಕಡೆ ತಿರುಗಿಸಿದರೆ ಹಸಿರು ಮಿಂಚು. ರಾಮ ಶಬ್ದದ ಮಹಿಮೆಯೋ, ಜವರಮ್ಮನ ತುಪ್ಪವೋ, ಬಸ್ರಾದ ಯಾವನೋ ಕುಂಬಾರನ ಆಶೀರ್ವಾದವೋ ಗೊತ್ತಿಲ್ಲ. “ಗೆದ್ದೆ ಕಣೇ!” ಎಂದು ಕೂಗಬೇಕು ಅಂತ ಬಾಯಿ ತೆರೆದೆ.

ನನಗಿಂತ ಮೊದಲೇ ಜವರಮ್ಮ ಕೂಗಿದರು. “ಗರುಡ! ಅಯ್ಯೋ ನಮ್ಮಪ್ಪ, ಗರುಡ!”

ಅವರ ಊರು ಮೇಲುಕೋಟೆಯ ಬುಡದಲ್ಲಿ. ಅಲ್ಲಿಯ ದೇವರ ಕಿರೀಟ ವೈರಮುಡಿಯನ್ನು ಗರುಡನೇ ಹೊತ್ತು ತಂದ ಎಂದು ನಂಬಿ ಬೆಳೆದವರಿಗೆ, ಹೋಮದ ಬೆಂಕಿಯಿಂದ ಎದ್ದು ಬಂದ ಚಿನ್ನದ ಹಕ್ಕಿ ಇನ್ನೇನಾಗಿ ಕಾಣಬೇಕು? ಕೈಯಲ್ಲಿದ್ದ ಸ್ಟೀಲು ಬಟ್ಟಲು ನೆಲಕ್ಕೆ ಬಿತ್ತು. ಸೆರಗು ಒಡ್ಡಿಕೊಂಡು ಜಲಜಾಳ ಮುಂದೆ ಮಂಡಿಯೂರಿದರು.

“ನನ್ ತುಪ್ಪ ಒಪ್ಕೊಂಡವ್ನೆ ಕಣವ್ವ. ನಮ್ಮನೆಗೇ ಅಂತ ಬಂದವ್ನೆ. ಇನ್ನು ನಂಗೇನು ಭಯ?”

ಜಲಜಾ, “ಅವ್ವಾ, ಅದು…” ಎಂದಳು. ಬಟ್ಟಲನ್ನು ನೋಡಿದಳು, ಮುದುಕಿಯ ಮುಖವನ್ನು ನೋಡಿದಳು. ಆಮೇಲೆ ಬಟ್ಟಲನ್ನು ಇನ್ನೊಂದು ಸಲ ಚೆನ್ನಾಗಿ ಒರೆಸಿ ಆ ಸೆರಗಿನೊಳಗೆ ಇಟ್ಟಳು.

“ಜೋಪಾನ, ಮೆಲ್ಲಗೆ ಹೋಗಿ,” ಅಂದಳು.

ಜವರಮ್ಮ ಗೇಟು ದಾಟುವವರೆಗೆ ನಾನು ತಡೆದುಕೊಂಡೆ. ಆಮೇಲೆ ತಡೆಯಲಿಲ್ಲ. “ನಿನಗೆ ಬುದ್ಧಿ ಇದೆಯೇನೇ? ನಿನ್ನ ಗೂಡು ಉಳಿಸೋಕೆ ಇದ್ದದ್ದು ಅದೊಂದೇ! ಅವನಿಗೆ ಏನು ತೋರಿಸ್ತೀಯಾ?”

“ಕಿತ್ಕೊಳ್ಳೋಕಾಗತ್ತಾ ಅತ್ತಿಗೆ? ಇದು ನನ್ನದು ಅನ್ನಬೇಕಾದರೆ ಹೋಮ ಸುಳ್ಳು ಅಂತಾನೂ ಹೇಳಬೇಕು. ಅವರು ಮತ್ತೆ ಆ ಮನೇಲಿ ಹೆದರ್ಕೊಂಡು ಕೂತಿರ್ತಾರೆ.”

“ಹಾಗಾದರೆ ಶ್ರೀಕಂಠನಿಗೆ ನಾನು ಹೇಳ್ತೀನಿ.”

“ಅವರು ನೇರ ಹೋಗಿ ಜಯರಾಮನ ಹತ್ತಿರ ಹೇಳಿ ನಗ್ತಾರೆ. ನೀವು ಹೇಳಲ್ಲ ಅಂತ ಮಾತು ಕೊಡಿ.”

ಮಾತು ಕೊಟ್ಟೆ, ಹಲ್ಲು ಕಚ್ಚಿಕೊಂಡು. ಅವಳು ನನಗೆ ಬೆನ್ನು ಮಾಡಿ ಮಸಿ ಹಿಡಿದ ಬಟ್ಟಲುಗಳನ್ನು ನಲ್ಲಿಯ ಕೆಳಗೆ ತೊಳೆಯತೊಡಗಿದಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಳು ಅಂತ ನನಗೆ ಗೊತ್ತು.

ಶ್ರೀಕಂಠ ಎದ್ದು ಬಂದ. ಅಡುಗೆಮನೆಯ ಕಿಟಕಿಯಿಂದ, “ಏನಾಯ್ತು? ಬೆಂದಿದ್ದಾ, ಸುಟ್ಟಿದ್ದಾ?” ಅಂದ.

“ಸುಟ್ಟಿದ್ದು,” ಅಂದಳು ಜಲಜಾ.

“ಐ ಆಮ್ ಸಾರಿ,” ಅಂದ. ಪಾಪ, ಸ್ವಲ್ಪ ಬೇಜಾರಿನಿಂದಲೇ ಅಂದ. ಆದರೆ ಅರ್ಧ ಲೋಟ ಕಾಫಿ ಮುಗಿಯುವಷ್ಟರಲ್ಲಿ, ನಾಳೆ ಟಬ್ಬಿನವರಿಗೆ ಫೋನ್ ಮಾಡುತ್ತೇನೆ, ನೀಲಿ ಬಣ್ಣ ಆಗಬಹುದಾ ಎಂದು ಕೇಳಿದ. ನಾನು ಲೋಟವನ್ನು ಕುಕ್ಕಿದ ರಭಸಕ್ಕೆ ಅವನ ಷರ್ಟಿನ ಮೇಲೆ ಕಾಫಿ ಚೆಲ್ಲಿತು. ನನಗೆ ಸ್ವಲ್ಪ ಹಿತವಾಯಿತು.

ಮಧ್ಯಾಹ್ನ ಜಯರಾಮ ಬಂದ. ಲ್ಯಾಬಿನಲ್ಲಿ ಶ್ರೀಕಂಠನಿಗಿಂತ ಕಿರಿಯವನು, ಬಾಗಿಲಲ್ಲೇ ಕೈ ಹೊಸೆಯುತ್ತ ನಿಂತ.

“ಸಾರ್, ತಪ್ಪು ತಿಳೀಬೇಡಿ. ಅಮ್ಮ ಒಬ್ಬಟ್ಟು ಮಾಡಿದಾರೆ. ಹೋಮ ಮಾಡಿದ ಸ್ವಾಮಿಗಳು ಬಂದು ಮಂಗಳಾರತಿ ಮಾಡೋವರೆಗೂ ಯಾರಿಗೂ ಊಟ ಇಲ್ಲ ಅಂತ ಕೂತುಬಿಟ್ಟಿದಾರೆ. ನೀವು ಇದೆಲ್ಲ ಮಾಡ್ತೀರಾ ಅಂತ ನಂಗೆ ಗೊತ್ತೇ ಇರಲಿಲ್ಲ ಸಾರ್.”

ಶ್ರೀಕಂಠ ನನ್ನನ್ನು ನುಂಗುವ ಹಾಗೆ ನೋಡಿದ. ನಾನು ಚಾವಣಿ ನೋಡಿದೆ. ಹಸಿದ ಮನೆಮಂದಿಯನ್ನು ಕಾಯಿಸುವಷ್ಟು ಕೆಟ್ಟವನಲ್ಲ ನನ್ನ ತಮ್ಮ. ಎದ್ದು ಹೊರಟ, ಹಿಂದೆ ಜಲಜಾ, ನಾನು.

ಬಾಗಿಲಲ್ಲಿ ಜವರಮ್ಮ ತಡೆದರು. ಷೂ ಬಿಚ್ಚಿಸಿದರು, ಸಾಕ್ಸೂ ಬಿಚ್ಚಿಸಿದರು, ಹಿತ್ತಾಳೆ ಚೊಂಬಿನಿಂದ ಅವನ ಕಾಲಿಗೆ ನೀರು ಹೊಯ್ದರು. ಕೋಟು ತೂಗುಹಾಕುವ ಕ್ಲಾಸೆಟ್ಟನ್ನು ಖಾಲಿ ಮಾಡಿ ದೇವರ ಮನೆ ಮಾಡಿದ್ದರು. ಒಳಗೆ ಒಂದು ದೀಪ. ಅಕ್ಕಿಯ ರಾಶಿಯ ಮೇಲೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಎರಡು ಚೆಂಡುಹೂವಿನ ನಡುವೆ ಬಟ್ಟಲು.

ಶ್ರೀಕಂಠ ಮಂಗಳಾರತಿ ತಟ್ಟೆ ಹಿಡಿದು ಬಗ್ಗಿದವನು ಹಾಗೇ ನಿಂತುಬಿಟ್ಟ. ಆರತಿಯ ಉರಿ ಅಲುಗಿದ ಹಾಗೆಲ್ಲ ಹಕ್ಕಿಯ ಮೈಮೇಲೆ ಚಿನ್ನ ಹರಿದಾಡುತ್ತಿತ್ತು. ಫೋನಿನ ಪ್ಯಾಡಿನ ಮೇಲೆ ದಿನಾ ನೋಡಿದ ಅದೇ ಎದೆ, ಅದೇ ಕೊಕ್ಕು, ಅದೇ ಎಲೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಪಕ್ಕಕ್ಕೆ ವಾಲಿ, ಪಿಸುದನಿಯಲ್ಲಿ, “ಜಲಜಾ, ಇದು ನಿನ್ನ ಕೋಳಿ ಅಲ್ವಾ?” ಅಂದ.

“ಗರುಡ,” ಅಂದಳು ಜಲಜಾ. “ಕೈ ಮುಗೀರಿ.”

ಅವನು ಕೈ ಮುಗಿದ.

“ಬೆಳಿಗ್ಗೆ ಇವನ್ನ ತಂದು ಮಡಗಿ ಇಲ್ಲೇ ನೆಲದ ಮ್ಯಾಲೆ ಒಂದ್ ಗಳಿಗೆ ಒರಗ್ದೆ ಸ್ವಾಮಿ,” ಎಂದರು ಜವರಮ್ಮ. “ಅಂಗೇ ನಿದ್ದೆ ಬಂದ್ಬುಡ್ತು. ಒಲೆ ಮ್ಯಾಲಿದ್ದ ಊರಣ ತಳ ಹಿಡ್ದು ಕರ್ಕಲಾಗೋಯ್ತು, ಎಚ್ಚರಾನೇ ಆಗ್ಲಿಲ್ಲ. ಇನ್ನೊಂದ್ಸಲ ಬೇಯಿಸ್ದೆ.” ಆಮೇಲೆ ದನಿ ತಗ್ಗಿಸಿದರು. “ಜಯರಾಮ ಒಂದ್ ಮಾತಂದ. ಆ ಓಮದ ಗುಂಡ ಕಿತ್ತಾಕಿ, ಅಲ್ಲಿ ಗಂಡಸ್ರು ಹೆಂಗಸ್ರು ಒಟ್ಗೇ ಕುಂತು ನೀರಾಡೋ ತೊಟ್ಟಿ ಮಡಗ್ತೀರಂತೆ. ದಿಟವಾ?”

ಜಯರಾಮ ಗೋಡೆಯ ಕಡೆ ತಿರುಗಿದ. ಶ್ರೀಕಂಠ ಜಲಜಾಳನ್ನು ನೋಡಿದ. ಜಲಜಾ ದೀಪ ನೋಡುತ್ತಿದ್ದಳು, ಸಹಾಯಕ್ಕೆ ಬರುವ ಲಕ್ಷಣವೇ ಇರಲಿಲ್ಲ.

“ಇಲ್ಲಮ್ಮ. ಅದು ಅಲ್ಲೇ ಇರತ್ತೆ,” ಅಂದ.

“ಮುಟ್ಟಿ ಯೋಳಿ.”

ಅವನು ಒಂದು ಬೆರಳಿಂದ ಬಟ್ಟಲಿನ ಅಂಚು ಮುಟ್ಟಿದ. ಮುಟ್ಟಿದ ಬೆರಳನ್ನು ತಕ್ಷಣ ತೆಗೆಯಲಿಲ್ಲ. ಅಂಚಿನಿಂದ ಒಳಗೆ, ಹಕ್ಕಿಯ ರೆಕ್ಕೆಯವರೆಗೂ ಮೆಲ್ಲಗೆ ಸವರಿಕೊಂಡು ಹೋದ. “ಅಲ್ಲೇ ಇರತ್ತೆ,” ಎಂದು ಇನ್ನೊಂದು ಸಲ ಅಂದ, ಈ ಸಲ ಹೆಂಡತಿಗೆ.

ನಾಲ್ಕು ಒಬ್ಬಟ್ಟು ತಿಂದು ರಸ್ತೆ ದಾಟಿ ವಾಪಸು ಬರುವಾಗ ಶ್ರೀಕಂಠ ಷೂ ಕೈಯಲ್ಲೇ ಹಿಡಿದುಕೊಂಡಿದ್ದ. ಅರ್ಧ ದಾರಿಯಲ್ಲಿ ಅವನಿಗೆ ರೋಷ ಬಂತು.

“ಇಷ್ಟು ಚೆನ್ನಾಗಿ ಬಂದಿದೆ ಅಂತ ಬೆಳಿಗ್ಗೆ ಯಾಕೆ ಹೇಳಲಿಲ್ಲ? ಹೇಳಿದ್ರೆ ಬಂದು ನೋಡ್ತಿದ್ನಲ್ಲ.”

“ನೋಡ್ತಿದ್ರಿ,” ಅಂದಳು ಜಲಜಾ. “ಕೈ ಮುಗೀತಿದ್ರಾ?”

ನಾನು ಫಕ್ಕನೆ ನಕ್ಕೆ. ನಾವಿಬ್ಬರೂ ಮನೆಯ ಮೆಟ್ಟಿಲು ಹತ್ತಿದೆವು. ಶ್ರೀಕಂಠ ಹತ್ತಲಿಲ್ಲ. ಬರಿಗಾಲಿನಲ್ಲೇ ಪಕ್ಕದ ಗೇಟಿನಿಂದ ಹಿತ್ತಿಲಿಗೆ ಹೋಗಿ, ನಲ್ಲಿಯ ಹತ್ತಿರ ಬೋರಲು ಹಾಕಿದ್ದ ಮಸಿ ಬಟ್ಟಲುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು ನೋಡತೊಡಗಿದ.